ಜಾನಕಮ್ಮನ ಎಲೆಗೆ ಕೂತವರು

ಜಾನಕಮ್ಮನವರಿಗೆ ಇದ್ದದ್ದು ಒಂದೇ ಆಸೆ. ತಾನು ಹೋದ ಹನ್ನೊಂದನೇ ದಿನ ಒಂದು ಜೀವ ತನ್ನ ಹೆಸರಿನ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಣ್ಣಬೇಕು. ಅಷ್ಟೇ. ಕಾಶಿ ಕೇಳಲಿಲ್ಲ, ಗೋದಾನ ಕೇಳಲಿಲ್ಲ. ಬದುಕಿರುವಾಗ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳದ ಹೆಂಗಸು ಸತ್ತ ಮೇಲಿನ ಒಂದು ಊಟ ಕೇಳಿದರೆ ಅದೇನು ದೊಡ್ಡ ಮಾತು ಎಂದು ನೀವು ಅಂದುಕೊಳ್ಳಬಹುದು. ದೊಡ್ಡ ಮಾತೇ ಆಯಿತು. ಅದು ಎಷ್ಟು ದೊಡ್ಡದಾಯಿತು ಎಂಬುದು ಸೊಸೆ ಶೋಭನಾಳಿಗೆ ಗೊತ್ತು.

ಆ ಊಟದ ವಿಷಯ ತಿಳಿಯದವರಿಗೆ ಮೊದಲೇ ಹೇಳಿಬಿಡಬೇಕು. ಹನ್ನೊಂದನೇ ದಿನ ಸತ್ತವರ ಜಾಗದಲ್ಲಿ ಒಬ್ಬನನ್ನು ಕೂರಿಸಿ ಬಡಿಸುವುದು ಅವರ ಮನೆಯ ಕ್ರಮ. ಅವನು ಉಂಡರೆ ಹೋದವರು ಉಂಡಂತೆ. ಆದರೆ ಅನ್ನದ ಜೊತೆಗೆ ಹೋದವರ ಪಾಪವೂ ಅಷ್ಟಿಷ್ಟು ಉಂಡವನ ಹೊಟ್ಟೆ ಸೇರುತ್ತದೆ ಎಂದು ನಂಬಿಕೆ. ಹಾಗಾಗಿ ಮದುವೆ ಊಟಕ್ಕೆ ಕರೆಯದೆಯೂ ಬರುವ ಜನ ಈ ಊಟಕ್ಕೆ ಕಾಲು ಹಿಡಿದರೂ ಬರುವುದಿಲ್ಲ. ಯಾರೂ ಸಿಗದಿದ್ದರೆ ದರ್ಭೆಯ ಹುಲ್ಲನ್ನು ಗಂಟು ಹಾಕಿ ಎಲೆಯ ಮುಂದಿಟ್ಟು ಶಾಸ್ತ್ರ ಮುಗಿಸುತ್ತಾರೆ.

ಜಾನಕಮ್ಮನ ಗಂಡನಿಗೆ ಆದದ್ದು ಹಾಗೆಯೇ. ಗಡಿ ರಸ್ತೆಯ ಕೆಲಸದಲ್ಲಿದ್ದ ಆತ ಮಣಿಪುರದ ಕಡೆ ಗುಡ್ಡ ಕುಸಿದು ತೀರಿಕೊಂಡ. ಕರ್ಮವೆಲ್ಲ ಅಲ್ಲೇ ಆಯಿತು. ಏಳು ವರ್ಷದ ಮಗ ವೆಂಕಟೇಶ ಹುಲ್ಲಿನ ಗಂಟಿನೆದುರು ಕೈಮುಗಿದು ಕೂತಿದ್ದ. ಬಡಿಸಿದ ಅನ್ನ ಬಡಿಸಿದ ಹಾಗೇ ಇತ್ತು. ಪಾಯಸದ ಮೇಲೆ ನೊಣ ಕೂತಿತ್ತು. ಕೊನೆಗೆ ಎಲೆ ಎತ್ತಿ ಹೊಳೆಗೆ ಬಿಟ್ಟರು. "ಹುಲ್ಲಿಗೆ ಹಸಿವಾಗುತ್ತೇನ್ರೀ?" ಎಂದು ಜಾನಕಮ್ಮ ಎಷ್ಟೋ ವರ್ಷ ಕಂಡಕಂಡವರನ್ನು ಕೇಳಿದರು. ಗಂಡ ಹಸಿದುಕೊಂಡೇ ಹೋದ ಎಂಬ ಕೊರಗು ಅವರನ್ನು ಬಿಡಲೇ ಇಲ್ಲ. "ನನಗೆ ಹುಲ್ಲು ಕೂರಿಸಬೇಡ ಕಣೋ ವೆಂಕಟು. ಒಂದು ಜೀವ ಕೂತು ಉಣ್ಲಿ" ಎಂದು ಮಗನಿಂದ ಭಾಷೆ ತೆಗೆದುಕೊಂಡಿದ್ದರು.

ವೆಂಕಟೇಶ ಸ್ವೀಡನ್ನಿನ ಉಪ್ಸಾಲಾದಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದ. 2006ರ ಬೇಸಿಗೆಯಲ್ಲಿ ಶೋಭನಾ ಬಸುರಿ ಎಂದು ತಿಳಿದದ್ದೇ ತಾಯಿಯನ್ನು ಮೈಸೂರಿನಿಂದ ಕರೆಸಿಕೊಂಡ. ಬಂದ ಮೊದಲ ವಾರವೇ ಜಾನಕಮ್ಮ ಸೊಸೆಯ ಜೊತೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಇಳಿದರು. ಆ ದೇಶದಲ್ಲಿ ಕೊಲೆಗಾದರೂ ಕ್ಷಮೆ ಉಂಟು, ಇನ್ನೊಬ್ಬರು ಹಿಡಿದಿಟ್ಟ ಸಮಯದಲ್ಲಿ ಬಟ್ಟೆ ಒಗೆದರೆ ಇಲ್ಲ. ಅತ್ತೆ ಸೊಸೆ ಅದೇ ತಪ್ಪು ಮಾಡಿ ಯಂತ್ರಕ್ಕೆ ಬಟ್ಟೆ ತುಂಬಿ ನಿಂತಿದ್ದಾಗ ಬುಟ್ಟಿ ಹಿಡಿದುಕೊಂಡು ಕೆಳಮನೆಯ ಮುದುಕರು ಬಂದರು. ಎತ್ತರದ ಆಳು, ಬಾಗಿದ ಬೆನ್ನು, ಕಲ್ಲು ಹಿಡಿದು ಒರಟಾದ ಕೈ. ಶೋಭನಾ ಸ್ವೀಡಿಷಿನಲ್ಲಿ ತಡವರಿಸಿದಳು, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅವಳಿಗೆ ಹೋದ ಜೀವ ಬಂದಂತಾಯಿತು.

"ಓ, ನೀವು ಇಂಗ್ಲಿಷರಾ?" ಎಂದಳು.

ಮುದುಕರು ಬುಟ್ಟಿ ಕೆಳಗಿಟ್ಟರು. "ನನ್ನ ಒಗೆಯೋ ಸಮಯ ಕದ್ದೆ, ಅದನ್ನ ಕ್ಷಮಿಸಿದೆ. ಇದನ್ನ ಮಾತ್ರ ಕ್ಷಮಿಸೋದು ಕಷ್ಟ ಮಗಳೇ."

ಅವರು ಸೋಪಿನ ಪುಡಿಯನ್ನು ಯಂತ್ರದ ಮೇಲೆ ಚೆಲ್ಲಿ ಬೆರಳಿನಿಂದ ನಕ್ಷೆ ಬರೆದರು. ಮೇಲೆ ಸ್ಕಾಟ್ಲೆಂಡ್, ಕೆಳಗೆ ಇಂಗ್ಲೆಂಡ್, ಪಶ್ಚಿಮಕ್ಕೆ ಸಮುದ್ರದ ಕಡೆ ಉಬ್ಬಿಕೊಂಡಿರುವ ತುಂಡು ವೇಲ್ಸ್. ಅದು ಬೇರೆ ಜನ, ಬೇರೆ ಭಾಷೆ. ತಮ್ಮ ನಾಡನ್ನು ಅವರು ಕಮ್ರಿ ಎಂದು ಕರೆದುಕೊಳ್ಳುತ್ತಾರಂತೆ. ತಮ್ಮ ಹೆಸರು ಇದ್ರಿಸ್ ಪ್ರಿಚರ್ಡ್ ಎಂದಾಗ ಜಾನಕಮ್ಮ ಸೊಸೆಯ ಕಿವಿಯಲ್ಲಿ "ಸಾಬರೇನೇ?" ಎಂದರು. ಶೋಭನಾ ಕೇಳಿದಳು. ಅದು ತಮ್ಮೂರಿನ ಒಂದು ಬೆಟ್ಟಕ್ಕೂ ಇರುವ ಹಳೆಯ ಹೆಸರು ಎಂದು ಅವರು ನಕ್ಕರು.

ಜಾನಕಮ್ಮ ನಗಲಿಲ್ಲ. ನಂಜನಗೂಡಿನ ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪಾಠ ಹೇಳಿಕೊಟ್ಟು ನಿವೃತ್ತರಾದ ಹೆಂಗಸು. ಸೋಪಿನ ಪುಡಿಯ ನಕ್ಷೆಯನ್ನೇ ನೋಡುತ್ತ, "ಮೂವತ್ತು ವರ್ಷ ಆ ದ್ವೀಪಕ್ಕೆಲ್ಲ ಇಂಗ್ಲೆಂಡು ಅಂತಲೇ ಹೇಳಿಕೊಟ್ಟೆನಲ್ಲೇ ಶೋಭಾ. ಎಷ್ಟು ಮಕ್ಕಳ ತಲೆ ಕೆಡಿಸಿದೆನೋ" ಎಂದು ಪೇಚಾಡಿಕೊಂಡರು. ಇದ್ರಿಸ್‌ಗೆ ಅದನ್ನು ಅನುವಾದ ಮಾಡಿ ಹೇಳಿದಾಗ ಅವರು ತಲೆಬಾಗಿ, "ಇಷ್ಟು ವರ್ಷದಲ್ಲಿ ಇದಕ್ಕೆ ಬೇಜಾರು ಮಾಡಿಕೊಂಡವರನ್ನ ಇವತ್ತೇ ಕಂಡದ್ದು" ಎಂದರು.

ಅಲ್ಲಿಂದ ಶುರುವಾಯಿತು. ಅಂಗಳದ ಬೆಂಚಿನ ಮೇಲೆ ದಿನಾ ಬೆಳಿಗ್ಗೆ ಇಬ್ಬರೂ ಕೂರುತ್ತಿದ್ದರು. ಜಾನಕಮ್ಮನ ಇಂಗ್ಲಿಷು ಹರಕುಮುರುಕು, ಎಲ್ಲಿ ನಿಂತಿತೋ ಅಲ್ಲಿ ಶೋಭನಾ ಕೈ ಕೊಡಬೇಕು. ಮುದುಕಿ ಬಿಡುವವಳಲ್ಲ. ನಿಮ್ಮ ರಾಜಧಾನಿ ಯಾವುದು, ನದಿ ಎಷ್ಟು, ಬೆಳೆ ಏನು, ಪರೀಕ್ಷೆಗೆ ಕೂತವಳ ಹಾಗೆ ಕೇಳುವುದು. ಇದ್ರಿಸ್‌ಗೂ ಕೇಳುವವರಿಲ್ಲದೆ ಬಾಯಿ ತುಕ್ಕು ಹಿಡಿದಿತ್ತು. ಸ್ವೀಡನ್ನಿನ ಹೆಣ್ಣನ್ನು ಮದುವೆಯಾಗಿ ಅರವತ್ತರ ದಶಕದಲ್ಲಿ ಬಂದವರು. ವಿಶ್ವವಿದ್ಯಾಲಯದ ಭೂವಿಜ್ಞಾನದವರಿಗೆ ಕಲ್ಲನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಕೊಡುವ ಕೆಲಸ ಮಾಡುತ್ತಿದ್ದರು. ಹೆಂಡತಿ ಹೋಗಿ ಆರು ವರ್ಷ, ಮಕ್ಕಳಿಲ್ಲ.

ಅಪ್ಪ, ಅಜ್ಜ ಎಲ್ಲರೂ ಸ್ಲೇಟು ಕಲ್ಲಿನ ಗಣಿಯವರು. ಮನುಷ್ಯರಿಗಿಂತ ಮೂರು ಪಟ್ಟು ಕುರಿಗಳಿರುವ ನಾಡು, ಸದಾ ಜಿಟಿಜಿಟಿ ಮಳೆ, ಅಂಗೈಯಗಲದ ಊರಿಗೂ ಎರಡು ಪ್ರಾರ್ಥನಾಮಂದಿರ. ಲೋಕದ ಎಷ್ಟೋ ಮನೆಗಳ ಮಾಡು ತಮ್ಮ ಗುಡ್ಡದ ಕಲ್ಲೇ ಎಂದು ಅವರು ಹೆಮ್ಮೆಪಟ್ಟರೆ, ನಮ್ಮ ಮಕ್ಕಳ ಸ್ಲೇಟು ಆಂಧ್ರದ ಮಾರ್ಕಾಪುರದಿಂದ ಬರುತ್ತಿತ್ತು, ನಿಮ್ಮದೇನೂ ಬೇಕಿರಲಿಲ್ಲ ಎಂದು ಜಾನಕಮ್ಮ ಅಲ್ಲೇ ಉತ್ತರ ಕೊಟ್ಟರು. ಏಳು ನೂರು ವರ್ಷದ ಹಿಂದೆ ಇಂಗ್ಲೆಂಡಿನ ರಾಜ ತಮ್ಮನ್ನು ಅದುಮಿಡಲು ಸಾಲಾಗಿ ಕೋಟೆ ಕಟ್ಟಿಸಿದನಂತೆ. ಈಗ ಅದನ್ನೇ ನೋಡಲು ಟಿಕೆಟ್ ಕೊಟ್ಟು ಹೋಗುತ್ತಾರಂತೆ. ಲಿವರ್‌ಪೂಲಿನ ಜನಕ್ಕೆ ನೀರು ಬೇಕೆಂದು ಒಂದು ಕಣಿವೆಯನ್ನು ಊರು, ಶಾಲೆ, ಸ್ಮಶಾನದ ಸಮೇತ ಮುಳುಗಿಸಿದ್ದನ್ನು ಹೇಳುವಾಗ ಇದ್ರಿಸ್ ಅವರ ದನಿ ಗಡುಸಾಯಿತು. ಅಜ್ಜನ ಕಾಲದಲ್ಲಿ ಶಾಲೆಯಲ್ಲಿ ತಮ್ಮ ಭಾಷೆ ಆಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು, ಸಂಜೆ ಅದು ಯಾರ ಕೊರಳಲ್ಲಿದೆಯೋ ಅವನಿಗೆ ಛಡಿಯೇಟು.

"ನಮ್ಮ ವೆಂಕಟೂನ ಕಾನ್ವೆಂಟಲ್ಲೂ ಕನ್ನಡ ಆಡಿದ್ರೆ ಫೈನ್ ಇತ್ತು. ನಾನೇ ಕಟ್ಟಿ ಬರ್ತಿದ್ದೆ" ಎಂದರು ಜಾನಕಮ್ಮ. ಉತ್ತರದವರು ನಮ್ಮನ್ನೆಲ್ಲ ಮದ್ರಾಸಿ ಎನ್ನುವುದನ್ನೂ ಹೇಳಿದರು. ಇಬ್ಬರೂ ಸೇರಿ ಯಾರು ಯಾರನ್ನೋ ಬೈದುಕೊಂಡು ಹಾಯಾಗಿದ್ದರು.

ಹನ್ನೊಂದನೇ ದಿನದ ಊಟದ ಮಾತು ಬಂದದ್ದೂ ಆ ಬೆಂಚಿನ ಮೇಲೆಯೇ. ಜಾನಕಮ್ಮ ಗಂಡನ ಕಥೆ ಹೇಳಿದರು, ಶೋಭನಾ ಅನುವಾದಿಸಿದಳು. ಇದ್ರಿಸ್ "ನಮ್ಮಲ್ಲೂ ಇತ್ತು" ಎಂದರು.

"ಏನಿತ್ತು?"

"ಹೆಣದ ಎದೆ ಮೇಲೆ ರೊಟ್ಟಿ, ಉಪ್ಪು ಇಡೋರು. ಅದಕ್ಕೇ ಅಂತ ಒಬ್ಬ ಇರ್ತಿದ್ದ. ಬಂದು ತಿಂದು ಹೋಗೋನು. ಸತ್ತವರ ಪಾಪ ಅವನ ಹೊಟ್ಟೆಗೆ, ಸತ್ತವರು ಹಗುರಾಗಿ ಮೇಲಕ್ಕೆ. ಇದೆಲ್ಲ ಇಂಗ್ಲಿಷರು ನಮ್ಮನ್ನ ಗಮಾರರು ಅಂತ ತೋರಿಸೋಕೆ ಕಟ್ಟಿದ ಕಥೆ ಅನ್ನೋರೂ ಇದ್ದಾರೆ. ನಮ್ಮಜ್ಜಿ ಮಾತ್ರ ಇಂಗ್ಲೆಂಡಿನ ಗಡಿ ಸೀಮೆಯವಳು. ಚಿಕ್ಕವಳಿದ್ದಾಗ ಅಂಥವನನ್ನ ಕಣ್ಣಾರೆ ಕಂಡಿದ್ದೆ ಅಂತಿದ್ದಳು."

ಜಾನಕಮ್ಮನ ಮುಖ ಅರಳಿತು. "ನೋಡಿದ್ಯೇನೇ? ಹುಲ್ಲಲ್ಲ, ಮನುಷ್ಯನೇ ಕೂರ್ತಿದ್ದ. ಒಳ್ಳೇ ಜನ" ಎಂದರು.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಕಾಫಿ ಬೆರೆಸುತ್ತಿದ್ದ ಜಾನಕಮ್ಮ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ಸತ್ತವರೂ ಸರದಿ ಕಾಯಬೇಕು. ಎರಡು ವಾರಕ್ಕೂ ಮೇಲೆ ಹೆಣ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿತ್ತು, ಆಮೇಲೆ ಚಿತಾಗಾರದವರು ದಿನ ಕೊಟ್ಟರು. ಸುಟ್ಟ ದಿನದಿಂದ ಎಣಿಸಿಕೊಳ್ಳಿ ಎಂದು ಮೈಸೂರಿನ ಪುರೋಹಿತರು ಫೋನಿನಲ್ಲಿ ಹೇಳಿದರು. ವೆಂಕಟೇಶ ನೆಲದ ಮೇಲೆ ಮಲಗಿದ, ಒಪ್ಪೊತ್ತು ಉಂಡ, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಹನ್ನೊಂದನೇ ದಿನಕ್ಕೆ ಜನ ಹುಡುಕುವುದಷ್ಟೇ ಉಳಿದಿತ್ತು.

ಮೊದಲು ಸ್ಟಾಕ್‌ಹೋಮಿನ ಶಿವಪ್ರಸಾದರಿಗೆ ಫೋನು ಮಾಡಿದ. ಯುಗಾದಿಗೆ ನೂರು ಜನರನ್ನು ಸೇರಿಸಿ, ನಮ್ಮ ಸಂಸ್ಕೃತಿಯನ್ನು ಪರದೇಶದಲ್ಲಿ ಉಳಿಸಬೇಕು ಎಂದು ಮುಕ್ಕಾಲು ಗಂಟೆ ಭಾಷಣ ಕೊಡುವ ಹಿರಿಯರು ಅವರು. "ಅಯ್ಯೋ ವೆಂಕಟೇಶ್, ಬರ್ತಿದ್ದೆ. ಆದ್ರೆ ನೋಡಿ, ಮಗನ ಮುಂಜಿ ಫಿಕ್ಸ್ ಆಗಿದೆ. ಈ ಟೈಮಲ್ಲಿ ನಮ್ಮನೆಯವಳು ಒಪ್ಪಲ್ಲ. ಬೇಕಾದ್ರೆ ಹದಿಮೂರನೇ ದಿನದ ಊಟಕ್ಕೆ ಫ್ಯಾಮಿಲಿ ಸಮೇತ ಬರ್ತೀವಿ" ಎಂದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾರ್‌ಶೋಪಿಂಗಿನ ಸಂದೀಪ್, "ಬಾಸ್, ನಾನು ಜನಿವಾರ ತೆಗೆದು ಯಾವ ಕಾಲ ಆಯ್ತು. ನಂಗೆ ಇದೆಲ್ಲ ನಂಬಿಕೆನೇ ಇಲ್ಲ" ಎಂದ. ನಂಬಿಕೆ ಇಲ್ಲದಿದ್ದರೆ ಬಂದು ಉಂಡು ಹೋಗು ಮಾರಾಯ ಎಂದರೆ, "ಇಲ್ಲ, ಅದು ಬೇರೆ" ಎಂದು ಫೋನಿಟ್ಟ. ಉಳಿದವರೂ ಹೀಗೆ ಒಂದೊಂದು ನೆವ ಹೇಳಿದರು. ಬೈದು ಏನು ಪ್ರಯೋಜನ, ನಮ್ಮ ಜನವೇ ಹಾಗೆ.

ಹತ್ತನೇ ದಿನ ಸಂಜೆ ವೆಂಕಟೇಶ ಗೋಡೆಗೊರಗಿ ಕೂತಿದ್ದ. "ಅಪ್ಪಂಗೆ ಹುಲ್ಲು ಇಟ್ಟೆ. ಅಮ್ಮಂಗೂ ಹುಲ್ಲೇ ಇಡಬೇಕಾ ಶೋಭಾ? ಇದ್ದ ಒಬ್ಬ ಮಗ ಅಷ್ಟೂ ಮಾಡಕ್ಕಾಗಲ್ವಾ?" ಎಂದು ಮಗುವಿನ ಹಾಗೆ ಅತ್ತ. ಅವನು ಅತ್ತದ್ದನ್ನು ಶೋಭನಾ ಅದೇ ಮೊದಲು ನೋಡಿದ್ದು. ಅವಳು ಎದ್ದು ಶಾಲು ಹೊದ್ದು ಕೆಳಗಿಳಿದು ಇದ್ರಿಸ್ ಅವರ ಬಾಗಿಲು ತಟ್ಟಿದಳು.

ಕೇಳುವುದಕ್ಕೆ ಅವಳಿಗೆ ನಾಚಿಕೆಯಾಯಿತು, ಆದರೂ ಕೇಳಿದಳು. ಏನು ಊಟ, ಯಾಕೆ, ಉಂಡವರಿಗೆ ಏನು ಅಂಟುತ್ತದೆ ಎಂದು ನಂಬಿಕೆ, ಒಂದನ್ನೂ ಮುಚ್ಚಿಡಲಿಲ್ಲ. ಇದ್ರಿಸ್ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿಸಿಕೊಂಡರು. ನಂತರ ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಮಗು ಯಾವಾಗ?" ಎಂದರು.

"ಫೆಬ್ರವರಿಯಲ್ಲಿ."

"ಹೂಂ" ಎಂದು ತಲೆ ತಗ್ಗಿಸಿದರು. "ನಾಳೆ ಎಷ್ಟು ಹೊತ್ತಿಗೆ ಬರಲಿ?"

ಪುರೋಹಿತರಿಗೆ ವಿಷಯ ತಿಳಿಸಿದಾಗ ಫೋನಿನ ಆ ಕಡೆ ಕೆಮ್ಮು ಮಾತ್ರ ಕೇಳಿಸಿತು. ಆಮೇಲೆ, "ನೋಡಪ್ಪ, ಶಾಸ್ತ್ರಕ್ಕೆ ಒಂದು ದರ್ಭೆ ಇಟ್ಟುಬಿಡು. ಅದರ ಪಕ್ಕದಲ್ಲಿ ಯಾರು ಕೂತು ಉಂಡರೂ ನಂಗೆ ಇಲ್ಲಿಂದ ಕಾಣೋದಿಲ್ಲ" ಎಂದರು. ಹಿರಿಯರು ಎಂದರೆ ಹಾಗಿರಬೇಕು. ಮೈಸೂರಿನಿಂದ ಪ್ರಫುಲ್ಲಾ ಚಿಕ್ಕಮ್ಮನೂ ಫೋನು ಮಾಡಿದರು. ಜಾನಕಮ್ಮನ ತಂಗಿ ಅವರು, ಈಗ ಮನೆಗೆ ಉಳಿದ ಹಿರಿಯ ಹೆಂಗಸು. ಬಸುರಿಯಾದವಳು ಆ ಹೊತ್ತಿಗೆ ಎದುರಿಗೆ ಬರಕೂಡದು, ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಶೋಭನಾ ಅಡುಗೆ ಮಾಡಿಟ್ಟು ಕೋಣೆ ಸೇರಿದಳು. ಆದರೆ ಬಾಗಿಲಿಗೆ ಸಂದಿ ಬಿಟ್ಟಿದ್ದಳು. ಇದ್ರಿಸ್ ಕರಿ ಕೋಟು ಹಾಕಿ, ಗಡ್ಡ ಹೆರೆದು, ತಲೆ ಬಾಚಿ ಬಂದಿದ್ದರು. ಅವರ ಊರಿನಲ್ಲಿ ಸಾವಿನ ಮನೆಗೆ ಹೋಗುವುದು ಹಾಗಂತೆ. ಜಾನಕಮ್ಮ ಮೈಸೂರಿನಿಂದ ತಂದಿದ್ದ ಮುತ್ತುಗದ ಎಲೆ ಹಾಸಿತ್ತು. ಕುರ್ಚಿ ಬೇಕೇ ಎಂದು ವೆಂಕಟೇಶ ಕೇಳಿದ್ದಕ್ಕೆ ಬೇಡ ಎಂದು ಗೋಡೆ ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು, ನೆಲದ ಮೇಲೆ ಕೂತರು.

ವೆಂಕಟೇಶ ಬಡಿಸಿದ. ಅನ್ನ, ತೊವ್ವೆ, ವಡೆ, ಎಳ್ಳುಂಡೆ, ಪಾಯಸ. ಇದ್ರಿಸ್ ಬಲಗೈಯಲ್ಲಿ ಕಲಸಿ ಉಣ್ಣತೊಡಗಿದರು. ಕಲಸುವುದನ್ನು ಕಲಿಸಿದ್ದು ಜಾನಕಮ್ಮನೇ. ಆತುರವಿಲ್ಲ, ಮಾತಿಲ್ಲ. ಕೆಲಸಕ್ಕೆ ಕೂತವರ ಹಾಗೆ ಒಂದೊಂದೇ ತುತ್ತು. ಎರಡನೇ ಸಲ ಅನ್ನ ಕೇಳಿದರು. ಪಾಯಸ ಮೂರು ಸಲ ಹಾಕಿಸಿಕೊಂಡರು, ಅದು ಜಾನಕಮ್ಮನಿಗೆ ಬಲು ಇಷ್ಟ ಎಂದು ಅವರಿಗೆ ಗೊತ್ತಿತ್ತು. ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಸಂದಿಯಿಂದ ನೋಡುತ್ತಿದ್ದ ಶೋಭನಾ ಕಣ್ಣೀರು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು.

"ತೃಪ್ತಿಯಾಯಿತೇ?" ಎಂದು ಕೇಳುವುದು ಕ್ರಮ. ವೆಂಕಟೇಶ ಕೈಮುಗಿದು ಕೇಳಿದ.

"ಹೊಟ್ಟೆ ತುಂಬಿತು" ಎಂದರು ಇದ್ರಿಸ್, ಕನ್ನಡದಲ್ಲಿ. ಯಾರ ಹೊಟ್ಟೆ ಎಂದು ಕೇಳುವ ಹಾಗಿರಲಿಲ್ಲ.

ಕೈತೊಳೆದ ಮೇಲೆ ಪಂಚೆ, ಚೊಂಬು, ಕೊಡೆಯ ದಾನ ಕೊಟ್ಟದ್ದಾಯಿತು. ಬಾಗಿಲ ಬಳಿ ಅವರು ರೂಢಿಯಂತೆ "ಬರ್ತೀನಿ" ಎನ್ನಲು ಬಾಯಿ ತೆರೆದರು. ವೆಂಕಟೇಶ ತಲೆ ಅಲ್ಲಾಡಿಸಿದ, ಆ ಮನೆಯಿಂದ ಆ ದಿನ ಹಾಗೆ ಹೇಳಿ ಹೊರಡಬಾರದು. ಅವರು ಅರ್ಥವಾಯಿತೆಂಬಂತೆ ಕೈಯೆತ್ತಿ, ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು. ಆ ರಾತ್ರಿ ವೆಂಕಟೇಶ ಎಷ್ಟೋ ದಿನಗಳ ಮೇಲೆ ಗೊರಕೆ ಹೊಡೆದು ನಿದ್ದೆಮಾಡಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಒಳ್ಳೆಯವರಾಗಿಯೇ ಉಳಿಯುತ್ತಿದ್ದರು. ಮರುದಿನ ಪ್ರಫುಲ್ಲಾ ಚಿಕ್ಕಮ್ಮನ ಫೋನು ಬಂತು. "ಆಯ್ತಲ್ಲ, ಅಕ್ಕನ ಆತ್ಮಕ್ಕೆ ಶಾಂತಿ ಸಿಕ್ತು. ಪುಣ್ಯಾತ್ಮ ಅವ್ರು. ಆದ್ರೆ ಶೋಭಾ, ಆ ಊಟಕ್ಕೆ ಕೂತವರು ವರ್ಷ ತುಂಬೋ ತನಕ ಹೊಸಿಲು ತುಳೀಬಾರದು ಕಣೆ. ನೀನು ಬೇರೆ ತುಂಬು ಬಸುರಿ ಆಗ್ತಿದ್ದೀಯ. ಅವ್ರ ಕಣ್ಣಿಗೂ ಬೀಳಬೇಡ. ದೊಡ್ಡೋರು ಸುಮ್ಸುಮ್ನೆ ಹೇಳಿರಲ್ಲ."

ಶೋಭನಾ ಗಂಡನ ಮುಖ ನೋಡಿದಳು. ಇಲಿಗಳಿಗೆ ಮದ್ದು ಕೊಟ್ಟು ಅಂಕಿಅಂಶ ಬರೆಯುವ ವಿಜ್ಞಾನಿ, ಛೇ ಎಂದು ನಕ್ಕುಬಿಡುತ್ತಾನೆ ಎಂದುಕೊಂಡಿದ್ದಳು. "ನಂಗೆ ಇದರಲ್ಲಿ ನಂಬಿಕೆ ಇಲ್ಲ ಶೋಭಾ" ಎಂದ ಅವನು. ಸ್ವಲ್ಪ ಬಿಟ್ಟು, "ಆದರೂ" ಎಂದ. ಆ ಒಂದು ಮಾತಿನ ಮುಂದೆ ಅವನ ಪಿಎಚ್.ಡಿ. ಮಂಡಿಯೂರಿತು. ಅವಳೂ ಬೇಡ ಎನ್ನಲಿಲ್ಲ. ಹೊಟ್ಟೆಯಲ್ಲಿ ಮಗು ಹೊರಳುತ್ತಿತ್ತು, ಅವಳಿಗೂ ಭಯವಿತ್ತು.

ಯಾರೂ ಏನನ್ನೂ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟೆ ಒಗೆಯುವ ದಿನ ಬೇರೆಯಾಯಿತು, ಅಷ್ಟೇ. ಅಂಗಳಕ್ಕೆ ಹೋಗುವ ಹಿಂಬಾಗಿಲು ಬಿಟ್ಟು ರಸ್ತೆಯ ಬಾಗಿಲಿನಿಂದ ಓಡಾಟ ಶುರುವಾಯಿತು. ಕೆಳಗೆ ಅವರ ಬಾಗಿಲು ಕಿರ್ರೆಂದರೆ ಶೋಭನಾ ಮೇಲೆ ಮೆಟ್ಟಿಲಲ್ಲೇ ನಿಂತು ಸದ್ದು ಅಡಗುವ ತನಕ ಕಾಯುತ್ತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಆ ಗಾದೆಯನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡುವಾಗ ಅದು ತನ್ನ ಬಗ್ಗೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಫೆಬ್ರವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಕಾಮಾಲೆ ಬಂದು ಕೆಲವು ದಿನ ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಹೆದರಬೇಡಿ ಎಂದು ನರ್ಸು ಹೇಳಿದಳು. "ಆ ಮನುಷ್ಯ ಏನಾದ್ರೂ ಎದುರಿಗೆ ಬಂದಿದ್ನೇನೇ?" ಎಂದು ಚಿಕ್ಕಮ್ಮ ಕೇಳಿದರು. ಬಂದಿರಲಿ ಬಿಡಲಿ, ಕೇಳಿದ ಪ್ರಶ್ನೆ ಶೋಭನಾಳ ಎದೆಯಲ್ಲಿ ಕೂತುಬಿಟ್ಟಿತು.

ಮಾರ್ಚ್ ಒಂದನೇ ತಾರೀಕು ವೇಲ್ಸಿನವರಿಗೆ ಹಬ್ಬ, ಅವರ ನಾಡಿನ ಸಂತನ ದಿನ. ಆ ದಿನ ಕೋಟಿಗೆ ಹಳದಿ ಹೂವು ಸಿಕ್ಕಿಸಿಕೊಳ್ಳುತ್ತಾರೆ, ನಮ್ಮ ಕಾವಲಿಯಂಥದೇ ಕಬ್ಬಿಣದ ಹಂಚಿನ ಮೇಲೆ ಒಣದ್ರಾಕ್ಷಿ ಹಾಕಿ ದಪ್ಪ ಬಿಲ್ಲೆ ಸುಡುತ್ತಾರೆ ಎಂದು ಇದ್ರಿಸ್ ಹೇಳುತ್ತಿದ್ದರು. ಆ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಶೋಭನಾ ಮಗುವನ್ನು ಎದೆಗವಚಿಕೊಂಡು ಉಸಿರು ಬಿಗಿಹಿಡಿದು ನಿಂತಳು. ಇನ್ನೊಮ್ಮೆ ಸದ್ದಾಗಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದರೆ ಹೊಸಿಲಿನಾಚೆ ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ, ಹಂದಿ ಕೊಬ್ಬು ಹಾಕಿಲ್ಲ, ಬೆಣ್ಣೆ ಮಾತ್ರ, ಎಂದು ಬರೆದ ಚೀಟಿ.

ಬಿಲ್ಲೆಗಳು ಇನ್ನೂ ಬೆಚ್ಚಗಿದ್ದವು. ಬಾಣಂತಿ ಆ ಕೈಯಿಂದ ಬಂದದ್ದನ್ನು ತಿನ್ನುವುದು ಹೇಗೆ? ವೆಂಕಟೇಶ ಡಬ್ಬಿಯನ್ನು ಒಂದು ಚೀಲದಲ್ಲಿ ಹಾಕಿ ಕೆಳಗೆ ಕಸದ ಕೋಣೆಯಲ್ಲಿಟ್ಟು ಬಂದ. ಕಸದ ಕೋಣೆ ಇರುವುದು ಇದ್ರಿಸ್ ಅವರ ಕಿಟಕಿಯ ಎದುರಿಗೇ ಎಂಬುದು ಅವನು ಮೇಲೆ ಬಂದ ಮೇಲೆ ಶೋಭನಾಳಿಗೆ ನೆನಪಾಯಿತು. ಹೋಗಿ ವಾಪಸು ತರಬೇಕೆನಿಸಿತು, ತರಲಿಲ್ಲ.

ಮೇ ತಿಂಗಳು. ಮಗುವಿನ ಲಸಿಕೆಗೆಂದು ಶೋಭನಾ ಗಾಡಿ ತಳ್ಳಿಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಬಿಸಿಲಿಗೆ ಕಣ್ಣು ಕಿರಿದಾಗಿಸಿ ನೋಡಿದರೆ ನಿಲ್ದಾಣದಲ್ಲಿ ಇದ್ರಿಸ್ ಒಬ್ಬರೇ. ಹಿಂತಿರುಗುವಷ್ಟು ದೂರ ಉಳಿದಿರಲಿಲ್ಲ. ಅವಳನ್ನು ಕಂಡದ್ದೇ ಅವರು ಬೆಂಚಿನಿಂದ ಎದ್ದು ಕಂಬದ ಆಚೆಗೆ ಹೋಗಿ ನಿಂತರು. ಗಾಡಿಯ ಕಡೆ ನೋಡಲಿಲ್ಲ, ರಸ್ತೆಯ ಕಡೆ ಮುಖ ಮಾಡಿಕೊಂಡಿದ್ದರು.

"ಚೆನ್ನಾಗಿದ್ದೀಯಾ?" ಎಂದರು ಆ ಕಡೆ ನೋಡುತ್ತಲೇ.

"ಇದ್ದೀನಿ. ನೀವು?"

"ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಮನೆ ಬಿಟ್ಟುಕೊಟ್ಟೆ. ತಂಗಿ ಬಾ ಅಂತ ಕರೀತಿದ್ದಾಳೆ, ಅಲ್ಲೇ ಇರೋದು ಇನ್ನು ಮೇಲೆ."

ನಲವತ್ತು ವರ್ಷ ಇದ್ದ ಊರು ಬಿಡುತ್ತಿದ್ದಾರೆ. ಯಾಕೆ ಎಂದು ಕೇಳುವ ಮುಖ ಅವಳಿಗಿರಲಿಲ್ಲ. ಕೇಳಿದ್ದು ಬೇರೆಯೇ. "ನಿಮ್ಮಜ್ಜಿ ಹೇಳ್ತಿದ್ರಲ್ಲ, ಆ ಪಾಪ ತಿನ್ನುವವನ ಕಥೆ. ತಿಂದ ಮೇಲೆ ಅವನು ಏನಾಗ್ತಿದ್ದ?"

ಇದ್ರಿಸ್ ತುಸು ಯೋಚಿಸಿದರು. ಸುಳ್ಳು ಹೇಳಲೋ ಬೇಡವೋ ಎಂದು ಇರಬೇಕು. "ಊರಾಚೆ ಒಬ್ಬನೇ ಇರ್ತಿದ್ದ. ಸಾವಾದಾಗ ಮಾತ್ರ ಕರೆಯೋರು. ಅವನು ಉಂಡ ಮರದ ತಟ್ಟೆ ಸುಟ್ಟುಬಿಡೋರು. ದಾರಿಯಲ್ಲಿ ಸಿಕ್ಕರೆ ಯಾರೂ ಮುಖ ನೋಡ್ತಿರಲಿಲ್ಲ, ಮಕ್ಕಳನ್ನಂತೂ ಹತ್ತಿರ ಬಿಡ್ತಿರಲಿಲ್ಲ."

"ಇದು ನಿಮಗೆ ಮೊದಲೇ ಗೊತ್ತಿತ್ತಾ? ನಾನು ಬಂದು ಕೇಳಿದಾಗಲೇ?"

"ಗೊತ್ತಿತ್ತು."

"ಮತ್ತೆ ಯಾಕೆ ಕೂತ್ರಿ?"

"ಜಾನಕಿ ಹಸಿದಿರಬಾರದಲ್ಲ" ಎಂದರು, ಅದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ ಎಂಬಂತೆ. ಆಮೇಲೆ, "ಹುಡುಗನಾ, ಹುಡುಗಿಯಾ?" ಎಂದು ಕೇಳಿದರು.

ಅದೇ ಮನೆಯ ಕೆಳಗಿರುವ ಮನುಷ್ಯನಿಗೆ ಅದೂ ತಿಳಿದಿರಲಿಲ್ಲ. ತಿಳಿಸಿದವರು ಯಾರು? "ಹುಡುಗಿ. ಜಾನಕಿ ಅಂತಲೇ ಹೆಸರಿಟ್ಟಿದ್ದೀವಿ" ಎಂದಳು. ಇದ್ರಿಸ್ ರಸ್ತೆಯನ್ನು ನೋಡುತ್ತಲೇ ಮುಗುಳ್ನಕ್ಕರು. ಕಣ್ಣು ತುಂಬಿತ್ತು.

ಬಸ್ಸು ಬಂತು. ಗಾಡಿ ಹತ್ತಿಸುವ ನಡುವಿನ ಬಾಗಿಲು ತೆರೆಯಿತು. ಒಳಗೆ ಮೂರು ನಾಲ್ಕು ಜನ ಇದ್ದರೆ ಹೆಚ್ಚು. ಬನ್ನಿ, ಒಟ್ಟಿಗೇ ಹೋಗೋಣ, ಇವಳನ್ನ ಒಂದು ಸಲ ಎತ್ತಿಕೊಳ್ಳಿ ಎಂಬ ಮಾತು ಶೋಭನಾಳ ನಾಲಿಗೆಯ ತುದಿಗೆ ಬಂತು. ಅವರ ಕಡೆ ಪೂರ್ತಿ ತಿರುಗಿದಳು. ಅಷ್ಟರಲ್ಲಿ ಮಗು ಸೀನಿತು. ಒಂದೇ ಒಂದು ಸೀನು. ಅವಳ ಕೈ ತಾನೇತಾನಾಗಿ ಹೋಗಿ ಗಾಡಿಯ ಮುಚ್ಚಳವನ್ನು ಮಗುವಿನ ಮುಖ ಕಾಣದ ಹಾಗೆ ಪೂರ್ತಿ ಕೆಳಗೆಳೆಯಿತು.

ಆ ಸದ್ದಿಗೆ ಇದ್ರಿಸ್ ತಿರುಗಿದ್ದರು. ಅವಳ ಕೈಯನ್ನು ನೋಡಿದರು. ಬೇಸರ ಮಾಡಿಕೊಳ್ಳಲಿಲ್ಲ. ಸರಿ, ಹಾಗೇ ಮಾಡಬೇಕು ಎಂಬಂತೆ ತಲೆಯಾಡಿಸಿ ಎರಡು ಹೆಜ್ಜೆ ಹಿಂದೆ ಸರಿದರು. "ನೀನು ಹತ್ತು ಮಗಳೇ. ನಾನು ಮುಂದಿನದರಲ್ಲಿ ಬರ್ತೀನಿ."

ಅವಳು ಹತ್ತಿದಳು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಶೋಭನಾ ಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು. ಎದುರು ಸೀಟಿನ ಸ್ವೀಡಿಷ್ ಮುದುಕಿ ಏನಾಯಿತಮ್ಮ, ಯಾರಾದರೂ ಹೋಗಿಬಿಟ್ಟರಾ ಎಂದು ಮೆಲ್ಲಗೆ ಕೇಳಿದಳು.

"ಇಲ್ಲ, ನಾವೇ ಕಳಿಸಿದ್ವಿ" ಎಂದಳು ಶೋಭನಾ. ಅದನ್ನು ಕನ್ನಡದಲ್ಲೇ ಅಂದಳು.